ಒಂದು ಐಕಾನ್‌ಗೆ ಎಷ್ಟು ವಿವರ ಬೇಕು? ಪಾರದರ್ಶಕ ಪಿಎನ್‌ಜಿ ಚಿತ್ರದಿಂದ ಡೆಸ್ಕ್‌ಟಾಪ್ ಐಕಾನ್ ಮಾಡುವ ಪಾಠ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)



ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಪರದೆಯ ಮೇಲೆ ಸಾಲಾಗಿ ಕಾಣುವ ಚಿಕ್ಕ ಚಿತ್ರಗಳಿಗೆ ಐಕಾನ್ ಎನ್ನುತ್ತೇವೆ. ದಿನಾ ಅವುಗಳ ಮೇಲೆ ಕ್ಲಿಕ್ ಮಾಡುತ್ತೇವೆ. ಅವನ್ನು ಯಾರೋ ಕುಳಿತು, ಲೆಕ್ಕ ಹಾಕಿ, ಚೌಕ ಚೌಕವಾಗಿ ಬಿಡಿಸಿದ್ದಾರೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ನಾನೇ ಮೂರು ಐಕಾನ್ ಮಾಡಬೇಕಾಗಿ ಬಂತು. ಸುಲಭ ಎಂದುಕೊಂಡಿದ್ದೆ. ಹತ್ತು ದಿನ ಹಿಡಿಯಿತು. ಆ ಹತ್ತು ದಿನದಲ್ಲಿ ಕಲಿತದ್ದನ್ನು, ತಪ್ಪುಗಳ ಸಮೇತ, ಇಲ್ಲಿ ಬರೆದಿದ್ದೇನೆ.

ಅಂಗಡಿಯಲ್ಲಿ ನಡೆದದ್ದು

ನಮ್ಮ ಅಬ್ಬಾ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಓದಿದ್ದು ಉರ್ದು ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ಬಾಯಿಲೆಕ್ಕದಲ್ಲಿ ನನಗಿಂತ ಚುರುಕು, ಆದರೆ ಇಂಗ್ಲಿಷ್ ಓದುವುದು ಕಷ್ಟ. ಉದ್ರಿ ಲೆಕ್ಕವನ್ನು ಕಂಪ್ಯೂಟರ್‌ಗೆ ಹಾಕಿಕೊಟ್ಟವರು ನಾವು ಮಕ್ಕಳೇ. ಮಾರ್ಚ್ 31ಕ್ಕೆ ಹಳೆಯ ವರ್ಷದ ಖಾತೆ ಮುಗಿಸಿ, ಬಾಕಿಯನ್ನು ಹೊಸ ವರ್ಷಕ್ಕೆ ತಂದು, ಏಪ್ರಿಲ್ 1ಕ್ಕೆ ಹೊಸ ಫೋಲ್ಡರ್ ತೆರೆದೆ. ಹಳೆಯದೂ ಹೊಸದೂ ಡೆಸ್ಕ್‌ಟಾಪ್ ಮೇಲೆ ಅಕ್ಕಪಕ್ಕದಲ್ಲೇ ಇದ್ದವು. ಎರಡಕ್ಕೂ ಅದೇ ಹಳದಿ ಫೋಲ್ಡರ್ ಚಿತ್ರ. ಕೆಳಗೆ ಇಂಗ್ಲಿಷ್‌ನಲ್ಲಿ ಚಿಕ್ಕದಾಗಿ ಹೆಸರು. ಹೆಸರಿನ ಕೊನೆಯ ಅಂಕಿ ಮಾತ್ರ ಬೇರೆ.

ಮೇ ತಿಂಗಳಲ್ಲಿ ಒಬ್ಬರು ಗಾರೆ ಮೇಸ್ತ್ರಿ ಬೈಂಡಿಂಗ್ ವೈರ್ ತೆಗೆದುಕೊಳ್ಳಲು ಬಂದರು. ನಮ್ಮ ಬಹಳ ವರ್ಷದ ಗಿರಾಕಿ. ಅಬ್ಬಾ ಲೆಕ್ಕ ನೋಡಲು ಹಳೆಯ ಫೋಲ್ಡರ್ ತೆರೆದುಬಿಟ್ಟರು. "ಹಿಂದಿನದು 1,850 ರೂಪಾಯಿ ಬಾಕಿ ಇದೆಯಲ್ಲ ಮೇಸ್ತ್ರಿ" ಎಂದರು. ಆ ಹಣವನ್ನು ಮೇಸ್ತ್ರಿ ಏಪ್ರಿಲ್‌ನಲ್ಲೇ ಕೊಟ್ಟಿದ್ದರು. ಹೊಸ ಖಾತೆಯಲ್ಲಿ ಜಮಾ ಕೂಡ ಆಗಿತ್ತು. ಅಂಗಡಿಯಲ್ಲಿ ಇನ್ನೂ ಇಬ್ಬರು ನಿಂತಿದ್ದರು. ಮೇಸ್ತ್ರಿ ಜಗಳ ಮಾಡಲಿಲ್ಲ. ತೂಗಿಸಿದ ವೈರನ್ನು ಅಲ್ಲೇ ಬಿಟ್ಟು ಹೊರಟುಹೋದರು.

ರಾತ್ರಿ ನಾನು ಲೆಕ್ಕ ನೋಡಿದಾಗ ತಪ್ಪು ಗೊತ್ತಾಯಿತು. ಮರುದಿನ ಅಬ್ಬಾ ಫಜ್ರ್ ನಮಾಜ್ ಮುಗಿಸಿ ನೇರವಾಗಿ ಮೇಸ್ತ್ರಿಯವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು. ನನ್ನನ್ನು ಬೈಯಲಿಲ್ಲ. "ಸಬ್ ಏಕೀಚ್ ದಿಸ್ತೆ ಬೇಟಾ" ಎಂದಷ್ಟೇ ಹೇಳಿದರು. ಎಲ್ಲವೂ ಒಂದೇ ಥರ ಕಾಣುತ್ತವೆ ಎಂದು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ತಪ್ಪು ಅವರ ಕಣ್ಣಿನದಲ್ಲ. ಅವರು ಓದಲಾಗದ ಹೆಸರನ್ನು ನಂಬಿಕೊಂಡು ಎರಡಕ್ಕೂ ಒಂದೇ ಚಿತ್ರ ಬಿಟ್ಟಿದ್ದು ನಾನು.

ಹಾಗಾಗಿ ಮೂರು ಐಕಾನ್ ಮಾಡಲು ನಿರ್ಧರಿಸಿದೆ. ಈ ವರ್ಷದ ಉದ್ರಿ ಖಾತೆಗೆ ಕೆಂಪು ರಟ್ಟಿನ ಪುಸ್ತಕ. ಹಳೆಯ ವರ್ಷಗಳಿಗೆ ಬಟ್ಟೆಯಲ್ಲಿ ಕಟ್ಟಿದ ಪುಸ್ತಕದ ಗಂಟು, ಏಕೆಂದರೆ ಅಬ್ಬಾ ಹಳೆಯ ಖಾತೆ ಪುಸ್ತಕಗಳನ್ನು ಹಾಗೆಯೇ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಖರೀದಿ ಬಿಲ್‌ಗಳಿಗೆ, ಗಲ್ಲಾಪೆಟ್ಟಿಗೆಯ ಪಕ್ಕ ಇರುವ, ಬಿಲ್ ಚುಚ್ಚಿಡುವ ಕಬ್ಬಿಣದ ಕಡ್ಡಿ.

ಪಾರದರ್ಶಕ ಎಂದರೆ ಏನು?

ಮೊದಲನೆಯ ದಿನ ಮೊಬೈಲ್‌ನಲ್ಲಿ ಖಾತೆ ಪುಸ್ತಕವನ್ನು ಬಿಳಿ ಹಾಳೆಯ ಮೇಲಿಟ್ಟು ಫೋಟೋ ತೆಗೆದು ಐಕಾನ್ ಮಾಡಿದೆ. ಪುಸ್ತಕದ ಸುತ್ತ ಬಿಳಿ ಚೌಕ ಬಂತು, ಗೋಡೆಗೆ ಚೀಟಿ ಅಂಟಿಸಿದ ಹಾಗೆ. ಮೊಬೈಲ್ ಫೋಟೋ ಸಾಮಾನ್ಯವಾಗಿ ಜೆಪಿಇಜಿ ಫೈಲ್ ಆಗಿರುತ್ತದೆ. ಆ ಬಗೆಯ ಫೈಲ್‌ನಲ್ಲಿ ಪಾರದರ್ಶಕತೆಗೆ ಜಾಗವೇ ಇಲ್ಲ. ನಂತರ ಅದನ್ನು ಪಿಎನ್‌ಜಿ ಎಂದು ಸೇವ್ ಮಾಡಿದೆ. ಆಗಲೂ ಬಿಳಿ ಚೌಕ ಹೋಗಲಿಲ್ಲ. ಏಕೆಂದರೆ ಪಿಎನ್‌ಜಿ ಪಾರದರ್ಶಕತೆಯನ್ನು ಇಟ್ಟುಕೊಳ್ಳಬಲ್ಲದು, ತಾನಾಗಿ ಉಂಟುಮಾಡುವುದಿಲ್ಲ. ಅದನ್ನು ನಾವೇ ಕೊಡಬೇಕು.

ಚಿತ್ರವೆಂದರೆ ಪಿಕ್ಸೆಲ್ ಎಂಬ ಚಿಕ್ಕ ಚೌಕಗಳ ಜಾಲ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳು. ಪ್ರತಿಯೊಂದೂ 0ಯಿಂದ 255ರವರೆಗೆ. ಪಾರದರ್ಶಕ ಪಿಎನ್‌ಜಿಯಲ್ಲಿ ನಾಲ್ಕನೆಯ ಸಂಖ್ಯೆಯೂ ಇರುತ್ತದೆ, ಅದರ ಹೆಸರು ಆಲ್ಫಾ. ಆಲ್ಫಾ 0 ಆದರೆ ಪಿಕ್ಸೆಲ್ ಕಾಣುವುದಿಲ್ಲ. 255 ಆದರೆ ಪೂರ್ತಿ ಕಾಣುತ್ತದೆ. ನಡುವಿನ ಸಂಖ್ಯೆಯಾದರೆ ಅರ್ಧಂಬರ್ಧ, ಹಿಂದಿನ ಬಣ್ಣವೂ ಬೆರೆತು ಕಾಣುತ್ತದೆ.

ಕಾಮರ್ಸ್‌ನವರಿಗೆ ಇದನ್ನು ಪಾಲುದಾರಿಕೆ ಎಂದರೆ ಬೇಗ ಅರ್ಥವಾಗುತ್ತದೆ. ಐಕಾನ್ ಒಬ್ಬ ಪಾಲುದಾರ, ಹಿಂದಿನ ವಾಲ್‌ಪೇಪರ್ ಇನ್ನೊಬ್ಬ. ಆಲ್ಫಾ ಎಂಬುದು ಅವರಿಬ್ಬರ ಲಾಭ ಹಂಚಿಕೆಯ ಅನುಪಾತ. ಪುಸ್ತಕದ ಅಂಚಿನ ಒಂದು ಪಿಕ್ಸೆಲ್ ತೆಗೆದುಕೊಳ್ಳೋಣ. ಅದರ ಕೆಂಪಿನ ಬೆಲೆ 180, ಪಾಲು ಕಾಲು ಭಾಗ. ಹಿಂದೆ ತಿಳಿಬಣ್ಣದ ವಾಲ್‌ಪೇಪರ್ ಇದೆ, ಅದರ ಬೆಲೆ 240, ಪಾಲು ಮುಕ್ಕಾಲು.

180ರ ಕಾಲು ಭಾಗ 45. 240ರ ಮುಕ್ಕಾಲು 180. ಒಟ್ಟು 225.

ಈಗ ವಾಲ್‌ಪೇಪರ್ ಬದಲಿಸಿ ಕಡುಬಣ್ಣದ್ದು ಹಾಕಿದೆವು, ಬೆಲೆ 20 ಎಂದುಕೊಳ್ಳಿ.

180ರ ಕಾಲು ಭಾಗ 45. 20ರ ಮುಕ್ಕಾಲು 15. ಒಟ್ಟು 60.

ಅದೇ ಪಿಕ್ಸೆಲ್ ಒಂದು ಕಡೆ 225, ಇನ್ನೊಂದು ಕಡೆ 60. ಹಿಂದೆ ಯಾರಿದ್ದಾರೋ ಅವರೊಂದಿಗೆ ಹೊಂದಿಕೊಳ್ಳುತ್ತದೆ. ಆದ್ದರಿಂದ ಅಂಚು ನುಣುಪಾಗಿ ಕಾಣುತ್ತದೆ, ನೆರಳು ನಿಜವಾದ ನೆರಳಿನಂತೆ ಬೀಳುತ್ತದೆ.

ಇತಿಹಾಸ ಸ್ವಲ್ಪ

1984ರ ಆ್ಯಪಲ್ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಐಕಾನ್‌ಗಳನ್ನು ಬಿಡಿಸಿದವರು ಸುಸಾನ್ ಕೇರ್ ಎಂಬ ಕಲಾವಿದೆ. ಅವರು ಮೊದಲು ಗ್ರಾಫ್ ಪುಸ್ತಕದಲ್ಲಿ ಚೌಕ ತುಂಬಿಸಿ ಬಿಡಿಸುತ್ತಿದ್ದರು. ಅಡ್ಡ 32, ಉದ್ದ 32, ಒಟ್ಟು 1,024 ಚೌಕ. ಕಪ್ಪು ಅಥವಾ ಬಿಳಿ ಎರಡೇ ಬಣ್ಣ. ಅಷ್ಟರಲ್ಲೇ ಕಸದ ಬುಟ್ಟಿ, ನಗುವ ಕಂಪ್ಯೂಟರ್ ಎಲ್ಲ ಗುರುತು ಸಿಗುತ್ತಿದ್ದವು.

1987ರಲ್ಲಿ ಜಿಐಎಫ್ ಎಂಬ ಬಗೆಯ ಫೈಲ್ ಬಂತು. ಅದರಲ್ಲಿ ಒಂದು ಚಿತ್ರಕ್ಕೆ ಹೆಚ್ಚೆಂದರೆ 256 ಬಣ್ಣ. ನಂತರ ಅದಕ್ಕೆ ಪಾರದರ್ಶಕತೆ ಸೇರಿತು. ಆದರೆ ಪಿಕ್ಸೆಲ್ ಇದೆ ಅಥವಾ ಇಲ್ಲ, ಎರಡೇ ಆಯ್ಕೆ. ಅರ್ಧ ಪಾಲು ಎಂಬುದಿಲ್ಲ. ಹಾಗಾಗಿ ಅಂಚು ಗರಗಸದ ಹಲ್ಲಿನಂತೆ ಕಾಣುತ್ತಿತ್ತು.

ಪಿಎನ್‌ಜಿ ಹುಟ್ಟಿದ ಕಥೆ ವ್ಯವಹಾರಕ್ಕೆ ಸಂಬಂಧಿಸಿದ್ದು. ಜಿಐಎಫ್ ಫೈಲ್ ಚಿಕ್ಕದಾಗಿಸಲು ಬಳಸುವ ವಿಧಾನದ ಪೇಟೆಂಟ್ ಯುನಿಸಿಸ್ ಕಂಪನಿಯ ಬಳಿ ಇತ್ತು. 1994ರ ಕೊನೆಯಲ್ಲಿ, ಜಿಐಎಫ್ ಬಳಸುವ ಸಾಫ್ಟ್‌ವೇರ್ ಮಾಡುವವರು ಲೈಸೆನ್ಸ್ ಪಡೆಯಬೇಕು ಎಂಬ ಮಾತು ಬಂತು. ಆಗ ಬೇರೆ ಬೇರೆ ಕಡೆಯ ಪ್ರೋಗ್ರಾಮರ್‌ಗಳು ಸೇರಿ, ಯಾರಿಗೂ ಹಣ ಕೊಡಬೇಕಿಲ್ಲದ ಹೊಸ ಬಗೆಯ ಫೈಲ್ ರೂಪಿಸಿದರು. ಅದೇ ಪಿಎನ್‌ಜಿ. 1996ರ ಅಕ್ಟೋಬರ್ 1ರಂದು ಡಬ್ಲ್ಯು3ಸಿ ಸಂಸ್ಥೆ ಅದಕ್ಕೆ ಮಾನ್ಯತೆ ಕೊಟ್ಟಿತು. ಅದರಲ್ಲಿ 256 ಹಂತದ ಆಲ್ಫಾ ಇತ್ತು, ಎಷ್ಟು ಸಲ ಸೇವ್ ಮಾಡಿದರೂ ಚಿತ್ರ ಕೆಡುತ್ತಿರಲಿಲ್ಲ.

ವಿಂಡೋಸ್‌ನ ಐಕಾನ್ ಫೈಲ್‌ಗೆ ಐಸಿಒ ಎಂದು ಹೆಸರು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಐಕಾನ್‌ಗಳಿಗೆ ಆಲ್ಫಾ ಬಂತು. 2007ರ ವಿಸ್ಟಾದಲ್ಲಿ 256 ಪಿಕ್ಸೆಲ್ ಅಗಲದ ದೊಡ್ಡ ಐಕಾನ್ ಬಂತು, ಅದನ್ನು ಐಸಿಒ ಫೈಲ್ ಒಳಗೆ ಪಿಎನ್‌ಜಿ ರೂಪದಲ್ಲೇ ಇಡಬಹುದು.

ನಾಲ್ಕು ಸಂಖ್ಯೆಗಳ ಲೆಕ್ಕದಲ್ಲಿ ಪಿಕ್ಸೆಲ್‌ಗೆ 4 ಬೈಟ್ ಬೇಕು. 16 ಪಿಕ್ಸೆಲ್ ಐಕಾನ್‌ಗೆ 1,024 ಬೈಟ್. 48ಕ್ಕೆ 9,216. 256ಕ್ಕೆ 2,62,144 ಬೈಟ್. ದೊಡ್ಡದನ್ನು ಪಿಎನ್‌ಜಿಯಾಗಿ ಕುಗ್ಗಿಸಿಡುವುದು ಏಕೆ ಎಂದು ಇದರಿಂದ ತಿಳಿಯುತ್ತದೆ.

ನಾನು ಮಾಡಿದ ಮೂರು ತಪ್ಪುಗಳು

ಜಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಕೆಲಸ ಶುರು ಮಾಡಿದೆ.

ಮೊದಲನೆಯ ತಪ್ಪು: ಫೋಟೋದ ಬಿಳಿ ಭಾಗವನ್ನು ‘ಫಜ್ಜಿ ಸೆಲೆಕ್ಟ್’ನಿಂದ ಆರಿಸಿ ಅಳಿಸಿದೆ. ಪುಸ್ತಕದ ಸುತ್ತ ತೆಳುವಾದ ಬಿಳಿ ಗೆರೆ ಉಳಿಯಿತು. ಕಡುನೀಲಿ ವಾಲ್‌ಪೇಪರ್ ಮೇಲೆ ಅದು ಎದ್ದು ಕಾಣುತ್ತಿತ್ತು. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಅಂಚಿನ ಪಿಕ್ಸೆಲ್‌ಗಳು ಫೋಟೋ ತೆಗೆಯುವಾಗಲೇ ಬಿಳಿ ಹಾಳೆಯೊಂದಿಗೆ ಪಾಲು ಹಂಚಿಕೊಂಡಿದ್ದವು. 180ರ ಕಾಲು ಭಾಗ 45, 255ರ ಮುಕ್ಕಾಲು ಸುಮಾರು 191, ಒಟ್ಟು 236. ಈ 236 ಅಲ್ಲೇ ಗಟ್ಟಿಯಾಗಿ ಕುಳಿತಿದೆ. ಹಳೆಯ ಪಾಲುದಾರ ಅಂಗಡಿ ಬಿಟ್ಟು ಹೋದರೂ ಅವನ ಬಂಡವಾಳವನ್ನು ಪುಸ್ತಕದಿಂದ ತೆಗೆಯದೇ ಬಿಟ್ಟ ಹಾಗೆ.

ಎರಡನೆಯ ತಪ್ಪು: ಇದಕ್ಕೆ ಜಿಂಪ್‌ನಲ್ಲಿ ‘ಕಲರ್ ಟು ಆಲ್ಫಾ’ ಎಂಬ ಉಪಾಯ ಇದೆ. ಪ್ರತಿ ಪಿಕ್ಸೆಲ್‌ನಲ್ಲಿ ಬಿಳಿಯ ಪಾಲು ಎಷ್ಟು ಎಂದು ಲೆಕ್ಕ ಹಾಕಿ, ಅಷ್ಟನ್ನು ಪಾರದರ್ಶಕ ಮಾಡುತ್ತದೆ. ಬಿಳಿ ಗೆರೆ ಮಾಯವಾಯಿತು. ಜೊತೆಗೆ ಪುಸ್ತಕದ ಬಿಳಿ ಹಾಳೆಗಳೂ ಮಾಯವಾದವು! ಹಾಳೆ ಇರಬೇಕಾದಲ್ಲಿ ವಾಲ್‌ಪೇಪರ್ ಕಾಣುತ್ತಿತ್ತು. ಯಂತ್ರಕ್ಕೆ ಹಿನ್ನೆಲೆಯ ಬಿಳಿ ಯಾವುದು, ಹಾಳೆಯ ಬಿಳಿ ಯಾವುದು ಎಂದು ಗೊತ್ತಾಗುವುದಿಲ್ಲ. ಸರಿಯಾದ ಕ್ರಮ ಹೀಗೆ: ಮೊದಲು ಹೊರಗಿನ ಬಿಳಿಯನ್ನು ಮಾತ್ರ ಆರಿಸಿ, ‘ಗ್ರೋ’ ಕೊಟ್ಟು ಆಯ್ಕೆಯನ್ನು ಒಂದೆರಡು ಪಿಕ್ಸೆಲ್ ಒಳಗೆ ಹಿಗ್ಗಿಸಿ, ನಂತರ ‘ಕಲರ್ ಟು ಆಲ್ಫಾ’ ಕೊಡಬೇಕು. ಆಗ ಅಂಚು ಮಾತ್ರ ಶುದ್ಧವಾಗುತ್ತದೆ.

ಮೂರನೆಯ ತಪ್ಪು ದೊಡ್ಡದು. ಅಷ್ಟು ಕಷ್ಟಪಟ್ಟು ಬಿಡಿಸಿಕೊಂಡ ಫೋಟೋ, 48 ಪಿಕ್ಸೆಲ್‌ಗೆ ಕುಗ್ಗಿಸಿದಾಗ ಕೆಂಪು ಮಸುಕಾಗಿ ಬಿಟ್ಟಿತು. ಹೊಲಿಗೆ, ರಟ್ಟಿನ ಗೀರು, ಹಾಳೆಯ ಪದರ ಯಾವುದೂ ಇಲ್ಲ. ಫೋಟೋದಲ್ಲಿ ಎಲ್ಲ ವಿವರಕ್ಕೂ ಒಂದೇ ತೂಕ. ಚಿಕ್ಕದಾಗುವಾಗ ಮುಖ್ಯವಾದದ್ದು, ಅಮುಖ್ಯವಾದದ್ದು ಒಟ್ಟಿಗೆ ಹೋಗುತ್ತವೆ. ಆರನೆಯ ದಿನ ಫೋಟೋ ಬಿಟ್ಟು ಕೈಯಿಂದ ಬಿಡಿಸಲು ಕುಳಿತೆ.

ಬಿಡಿಸುವ ಕ್ರಮ

1. ಮೊದಲು ಗ್ರಾಫ್ ಪುಸ್ತಕದಲ್ಲಿ 16 ಅಡ್ಡ, 16 ಉದ್ದದ ಚೌಕ ಹಾಕಿ ಪೆನ್ಸಿಲ್‌ನಿಂದ ಆಕಾರ ತುಂಬಿಸಿ. ಒಟ್ಟು 256 ಚೌಕ. ಅಷ್ಟರಲ್ಲೇ ವಸ್ತು ಗುರುತು ಸಿಗಬೇಕು. ಸಿಗದಿದ್ದರೆ ಬೇರೆ ವಸ್ತು ಆರಿಸಿ.

2. ಜಿಂಪ್‌ನಲ್ಲಿ ‘ಫೈಲ್’, ‘ನ್ಯೂ’ ಕೊಟ್ಟು 256 ಅಗಲ, 256 ಎತ್ತರ ಬರೆಯಿರಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ‘ಫಿಲ್ ವಿತ್’ ಎಂಬಲ್ಲಿ ‘ಟ್ರಾನ್ಸ್‌ಪರೆನ್ಸಿ’ ಆರಿಸಿ. ಚದುರಂಗದ ಹಾಸಿನಂತೆ ಬೂದು ಚೌಕಗಳು ಕಾಣುತ್ತವೆ. ಅದು ಚಿತ್ರವಲ್ಲ, ಇಲ್ಲಿ ಏನೂ ಇಲ್ಲ ಎಂಬ ಗುರುತು.

3. ಒಂದೊಂದು ಭಾಗಕ್ಕೆ ಒಂದೊಂದು ಲೇಯರ್ ಮಾಡಿ: ರಟ್ಟು, ಹಾಳೆ, ದಾರ, ಹೊಳಪು. ಒಂದು ಕೆಟ್ಟರೆ ಅದನ್ನಷ್ಟೇ ತಿದ್ದಬಹುದು.

4. ಗೆರೆಯ ದಪ್ಪವನ್ನು ಲೆಕ್ಕ ಹಾಕಿ. 256ರ ಚಿತ್ರವನ್ನು 32ಕ್ಕೆ ಕುಗ್ಗಿಸಿದರೆ ಎಲ್ಲವೂ ಎಂಟನೆಯ ಒಂದು ಭಾಗವಾಗುತ್ತದೆ. 4 ಪಿಕ್ಸೆಲ್ ಗೆರೆ ಅರ್ಧ ಪಿಕ್ಸೆಲ್ ಆಗಿ ಮಸುಕಾಗುತ್ತದೆ. 8 ಪಿಕ್ಸೆಲ್ ಗೆರೆ ಒಂದು ಪಿಕ್ಸೆಲ್ ಆಗಿ ಉಳಿಯುತ್ತದೆ.

5. ಬೆಳಕು ಒಂದೇ ದಿಕ್ಕಿನಿಂದ ಬರಲಿ. ಸಾಮಾನ್ಯವಾಗಿ ಮೇಲಿನ ಎಡಮೂಲೆ. ಹೊಳಪು ಅತ್ತ, ನೆರಳು ಇತ್ತ.

6. ನೆರಳಿಗೆ ‘ಫಿಲ್ಟರ್ಸ್’ ಒಳಗಿನ ‘ಡ್ರಾಪ್ ಶ್ಯಾಡೋ’ ಬಳಸಿ. ಪೂರ್ತಿ ಕಪ್ಪು ಬೇಡ, ನಾನು ಶೇಕಡಾ 40 ಇಟ್ಟೆ. ನೆರಳಿಗಾಗಿ ಅಂಚಿನಲ್ಲಿ ಜಾಗ ಬಿಟ್ಟಿರಬೇಕು.

7. ಕಡುಬಣ್ಣದ ಮತ್ತು ತಿಳಿಬಣ್ಣದ ಎರಡು ಲೇಯರ್‌ಗಳನ್ನು ಕೆಳಗಿಟ್ಟು ಒಂದೊಂದಾಗಿ ತೋರಿಸಿ ನೋಡಿ. ಎರಡರ ಮೇಲೂ ಅಂಚು ಚೆನ್ನಾಗಿದ್ದರೆ ಪಾಸು. ನಂತರ ಆ ಲೇಯರ್‌ಗಳನ್ನು ತೆಗೆಯಲು ಮರೆಯಬೇಡಿ. ನಾನು ಮರೆತಿದ್ದೆ, ಮತ್ತೆ ಚೌಕ ಬಂತು.

8. ಮೂಲ ಕೆಲಸವನ್ನು ಜಿಂಪ್‌ನ ಸ್ವಂತ ಫೈಲ್ ಆಗಿ ಸೇವ್ ಮಾಡಿ. ನಂತರ ‘ಎಕ್ಸ್‌ಪೋರ್ಟ್ ಆ್ಯಸ್’ ಕೊಟ್ಟು ಪಿಎನ್‌ಜಿ ಪ್ರತಿ ತೆಗೆಯಿರಿ.

ಪ್ರತಿ ಗಾತ್ರಕ್ಕೂ ಬೇರೆ ಚಿತ್ರ

ನಾನು ಬಹಳ ತಡವಾಗಿ ಕಲಿತ ಪಾಠ ಇದು. ಒಂದೇ ಚಿತ್ರವನ್ನು ಕುಗ್ಗಿಸುತ್ತಾ ಹೋಗುವುದಲ್ಲ, ಪ್ರತಿ ಗಾತ್ರಕ್ಕೂ ಏನು ಉಳಿಯಬೇಕು ಎಂದು ನಾವೇ ತೀರ್ಮಾನಿಸಬೇಕು. 256ರಲ್ಲಿ ನನ್ನ ಪುಸ್ತಕಕ್ಕೆ ಹೊಲಿಗೆ, ದಾರದ ಗಂಟು, ಹಾಳೆಯ ಪದರ, ಮೂಲೆಯಲ್ಲಿ ಸವೆದ ರಟ್ಟು ಎಲ್ಲ ಇದೆ. 48ರಲ್ಲಿ ರಟ್ಟು, ಹಾಳೆ, ದಾರ. 32ರಲ್ಲಿ ರಟ್ಟು ಮತ್ತು ಹಾಳೆ. 16ರಲ್ಲಿ ಕೆಂಪು ಆಕಾರ, ಒಂದು ಬಿಳಿ ಗೆರೆ ಅಷ್ಟೇ.

ಅಕ್ಷರ ಬರೆಯುವ ಆಸೆಯೂ ನನಗಿತ್ತು. ಅಬ್ಬಾಗೆ ಉರ್ದು ಬರುತ್ತದಲ್ಲ ಎಂದು ಕಡ್ಡಿಯ ಚಿತ್ರದ ಮೇಲೆ ಉರ್ದುವಿನಲ್ಲಿ ಬಿಲ್ ಎಂದು ಬರೆದೆ. 256ರಲ್ಲಿ ಸುಂದರವಾಗಿತ್ತು. 32ರಲ್ಲಿ ಚುಕ್ಕೆ ಕರಗಿಹೋಯಿತು. ಬೇ ಅಕ್ಷರಕ್ಕೆ ಕೆಳಗೆ ಒಂದು ಚುಕ್ಕೆ, ಪೇ ಅಕ್ಷರಕ್ಕೆ ಮೂರು ಎಂದು ಉರ್ದು ಓದಿದವರಿಗೆ ಗೊತ್ತು. ಚುಕ್ಕೆಯೇ ಹೋದ ಮೇಲೆ ಅಕ್ಷರ ಎಲ್ಲಿ ಉಳಿಯಿತು? ಕನ್ನಡದ ಒತ್ತಕ್ಷರಕ್ಕೂ ಅದೇ ಗತಿ. ಐಕಾನ್‌ನಲ್ಲಿ ಆಕಾರ ಮತ್ತು ಬಣ್ಣ ಮಾತಾಡಬೇಕು, ಅಕ್ಷರವನ್ನು ಕೆಳಗಿನ ಹೆಸರಿಗೆ ಬಿಡಬೇಕು. ಎರಡು ಖಾತೆಗಳ ಬಣ್ಣವನ್ನಷ್ಟೇ ಅಲ್ಲ, ಆಕಾರವನ್ನೂ ಬೇರೆ ಇಟ್ಟೆ: ಒಂದು ಚೌಕ, ಒಂದು ಗುಂಡಗಿನ ಗಂಟು. ಬಣ್ಣ ಗುರುತಿಸಲು ಕಷ್ಟವಿರುವವರಿಗೂ ಗೊತ್ತಾಗುತ್ತದೆ.

ನಾಲ್ಕು ಗಾತ್ರಗಳೂ ಸಿದ್ಧವಾದ ಮೇಲೆ ಅವನ್ನು ಒಂದೇ ಜಿಂಪ್ ಚಿತ್ರದಲ್ಲಿ ನಾಲ್ಕು ಲೇಯರ್‌ಗಳಾಗಿ ಇಟ್ಟು ಐಸಿಒ ಎಂದು ಎಕ್ಸ್‌ಪೋರ್ಟ್ ಮಾಡಬೇಕು. ಪ್ರತಿ ಲೇಯರ್ ಒಂದು ಗಾತ್ರದ ಐಕಾನ್ ಆಗುತ್ತದೆ. 256ರ ಎದುರು ‘ಕಂಪ್ರೆಸ್ಡ್ ಪಿಎನ್‌ಜಿ’ ಎಂಬುದಕ್ಕೆ ಗುರುತು ಹಾಕಿ. ನಂತರ ವಿಂಡೋಸ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಕಸ್ಟಮೈಸ್’, ‘ಚೇಂಜ್ ಐಕಾನ್’, ‘ಬ್ರೌಸ್’ ಕೊಟ್ಟು ಫೈಲ್ ಆರಿಸಬೇಕು. ಇಲ್ಲಿ ಪಿಎನ್‌ಜಿಯನ್ನು ನೇರ ಕೊಟ್ಟರೆ ವಿಂಡೋಸ್ ಒಪ್ಪುವುದಿಲ್ಲ, ಐಸಿಒ ಬೇಕು. ಆ ಫೈಲನ್ನು ಆಮೇಲೆ ಬೇರೆ ಕಡೆ ಸರಿಸಬೇಡಿ. ಸರಿಸಿದರೆ ಹಳೆಯ ಹಳದಿ ಫೋಲ್ಡರ್ ಮರಳಿ ಬರುತ್ತದೆ.

ಅಬ್ಬಾ ಹಿಡಿದ ತಪ್ಪು

ಹತ್ತನೆಯ ದಿನ ಅಬ್ಬಾರನ್ನು ಕೂರಿಸಿ ತೋರಿಸಿದೆ. ಗಂಟು ನೋಡಿದ ಕೂಡಲೇ "ಅಟ್ಟದ ಮೇಲಿನದು" ಎಂದು ನಕ್ಕರು. ಕಡ್ಡಿಯೂ ಗೊತ್ತಾಯಿತು. ಕೆಂಪು ಪುಸ್ತಕದ ಮುಂದೆ ಮಾತ್ರ ನಿಂತರು. "ಇದು ಯಾರ ಖಾತೆ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಹಳೆಯ ಪುಸ್ತಕ ತಂದು ಪರದೆಯ ಪಕ್ಕ ಹಿಡಿದರು. ಅವರ ಖಾತೆ ಉರ್ದುವಿನದು. ಬಲದಿಂದ ಎಡಕ್ಕೆ ಬರೆಯುವುದರಿಂದ ಹೊಲಿಗೆ ಬಲಗಡೆ ಇರುತ್ತದೆ. ನಾನು ನನ್ನ ಕಾಲೇಜು ನೋಟ್‌ಬುಕ್‌ನಂತೆ ಎಡಗಡೆ ಹೊಲಿಗೆ ಹಾಕಿದ್ದೆ. ಎದುರಿಗೇ ಪುಸ್ತಕ ಇಟ್ಟುಕೊಂಡು ಫೋಟೋ ತೆಗೆದಿದ್ದೆ, ಆದರೂ ಕೈಯಿಂದ ಬಿಡಿಸುವಾಗ ನನ್ನ ಅಭ್ಯಾಸವೇ ಬಂದಿತ್ತು.

ಸವೆದ ಮೂಲೆ, ದಾರದ ಗಂಟು, ಎಲ್ಲ ವಿವರ ಇತ್ತು. ಅವರಿಗೆ ಬೇಕಾದ ಒಂದು ವಿವರ ಇರಲಿಲ್ಲ. ‘ಫ್ಲಿಪ್’ ಕೊಟ್ಟು ಪುಸ್ತಕ ತಿರುಗಿಸಿದೆ. ಆಗ ಹೊಳಪೂ ನೆರಳೂ ತಿರುಗಿ ಬೆಳಕು ತಪ್ಪು ದಿಕ್ಕಿನಿಂದ ಬಂದಂತಾಯಿತು. ಪುಸ್ತಕದ ಲೇಯರ್‌ಗಳನ್ನಷ್ಟೇ ತಿರುಗಿಸಿ, ಹೊಳಪು ಮತ್ತು ನೆರಳನ್ನು ಹೊಸದಾಗಿ ಹಾಕಿದೆ. ಲೇಯರ್ ಬೇರೆ ಬೇರೆ ಇದ್ದದ್ದರಿಂದ ಒಂದು ಗಂಟೆಯಲ್ಲಿ ಮುಗಿಯಿತು.

ಈಗ ಅಬ್ಬಾ ತಾವೇ ಖಾತೆ ತೆರೆಯುತ್ತಾರೆ. ಮಧ್ಯವಾರ್ಷಿಕ ಪರೀಕ್ಷೆಯ ವಾರದಲ್ಲಿ ನಾನು ಅಂಗಡಿಗೆ ಹೋಗಲೇ ಇಲ್ಲ, ಅವರಿಂದ ಒಂದು ಫೋನ್ ಕೂಡ ಬರಲಿಲ್ಲ. ಮೇಸ್ತ್ರಿಯವರೂ ಮತ್ತೆ ಬರುತ್ತಿದ್ದಾರೆ. ಲೆಕ್ಕ ಕೇಳಿದಾಗ ಅಬ್ಬಾ ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸುತ್ತಾರೆ.

ನಿಮಗೊಂದು ಅಭ್ಯಾಸ

ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಅಥವಾ ಇಂಗ್ಲಿಷ್ ಓದಲು ಹಿಂಜರಿಯುವ ಒಬ್ಬರನ್ನು ನೆನಪಿಸಿಕೊಳ್ಳಿ. ಅವರಿಗೆ ಬೇಕಾಗುವ ಒಂದು ಫೋಲ್ಡರ್ ಆರಿಸಿ: ಫೋಟೋ, ವಿದ್ಯುತ್ ಬಿಲ್, ಕುರಾನ್ ಪಠಣದ ಆಡಿಯೋ, ಯಾವುದಾದರೂ ಸರಿ. 16 ಚೌಕದ ಗ್ರಾಫ್‌ನಲ್ಲಿ ಅದಕ್ಕೊಂದು ಆಕಾರ ಬಿಡಿಸಿ. ಇದೇನು ಎಂದು ಹೇಳದೆ ಅವರಿಗೆ ತೋರಿಸಿ. ಅವರು ಏನು ಹೇಳುತ್ತಾರೋ ಕೇಳಿ, ಆಮೇಲೆ ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ. ನಾನು ಈ ಕೆಲಸವನ್ನು ಕೊನೆಗೆ ಮಾಡಿದೆ. ಮೊದಲೇ ಮಾಡಿದ್ದರೆ ಹತ್ತು ದಿನ ಬೇಕಾಗುತ್ತಿರಲಿಲ್ಲ.